ಇಪ್ಪತ್ತು ವರ್ಷದ ಕೆಂಪು ವೈನ್: ಪರೀಕ್ಷೆ ಹೇಗೆ?

ಮೀಟರ್ ಹೇಳುವುದು, ಹೇಳದಿರುವುದು

1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್‌ನ ಸುತ್ತಮುತ್ತ ಕಬ್ಬು ಬೆಳೆಯುವವರಿಗೆ 'ರಿಕವರಿ', ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ, ದಿನನಿತ್ಯದ ಮಾತು. ಕಬ್ಬು ಪಕ್ವವಾಗಿದೆಯೇ ಎಂದು ನೋಡಲು ರಸದ ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರ್ ಇದೆ. ಅದರ ಗಾಜಿನ ಮೇಲೆ ರಸದ ಒಂದೆರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ನೀಲಿ–ಬಿಳಿ ಕೂಡುವ ಗೆರೆಯಲ್ಲಿ ಅಂಕಿ ಸಿಗುತ್ತದೆ. ವೈನ್ ದ್ರಾಕ್ಷಿಯ ಸಕ್ಕರೆಯನ್ನೂ ಇದೇ ಮೀಟರಿನಲ್ಲಿ ಅಳೆಯಬಹುದು. 24 ಬ್ರಿಕ್ಸ್ ಇರುವ ರಸ ಪೂರ್ತಿ ಹುದುಗಿದರೆ ಶೇ. 13ರ ಆಸುಪಾಸು ಮದ್ಯಸಾರದ ವೈನ್ ಆಗುತ್ತದೆ. ಮೀಟರಿನ ಕೆಲಸ ಅಲ್ಲಿಗೆ ಮುಗಿಯಿತು. ಆ ವೈನ್ ಇಪ್ಪತ್ತು ವರ್ಷ ಬಾಳಿತೇ, ಬಾಳಿದ್ದು ಕುಡಿಯಲು ಯೋಗ್ಯವೇ ಎಂಬುದಕ್ಕೆ ಕಣ್ಣು, ಮೂಗು, ನಾಲಿಗೆಯೇ ಬೇಕು.

ವಯಸ್ಸು ಮಾಡುವ ಕೆಲಸ

ಕೆಂಪು ವೈನ್‌ಗೆ ಬಣ್ಣ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ. ಒಗರು ಸಿಪ್ಪೆ, ಬೀಜ ಎರಡರಿಂದಲೂ. ಒಗರಿಗೆ ಕಾರಣ ಟ್ಯಾನಿನ್. ಕೊಲ್ಹಾಪುರಿ ಚಪ್ಪಲಿಗಾಗಿ ತೊಗಲು ಹದ ಮಾಡಲು ಬಳಸುತ್ತಿದ್ದ ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಇರುವುದೂ ಟ್ಯಾನಿನ್ನೇ. ತೊಗಲಿನ ಪ್ರೋಟೀನನ್ನು ಅದು ಹಿಡಿಯುವಂತೆ ವೈನ್‌ನ ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿಯುತ್ತದೆ, ಬಾಯಿ ಒಣಗುತ್ತದೆ. ಬಾಟಲಿಯೊಳಗೆ ವರ್ಷಗಟ್ಟಲೆ ಟ್ಯಾನಿನ್ ಮತ್ತು ಬಣ್ಣದ ಅಣುಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ, ಕೊನೆಗೆ ಗಷ್ಟಾಗಿ ತಳ ಸೇರುತ್ತವೆ. ಒಗರು ಮೆತ್ತಗಾಗುತ್ತದೆ, ಬಣ್ಣ ತಿಳಿಯಾಗುತ್ತದೆ.

ಎಲ್ಲ ವೈನ್‌ಗೂ ಈ ಭಾಗ್ಯವಿಲ್ಲ. ಜಗತ್ತಿನ ಬಹುಪಾಲು ವೈನ್ ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲು ಮಾಡಿದ್ದು, ಇಟ್ಟರೆ ಹಳಸುತ್ತದೆ. ಫ್ರಾನ್ಸಿನ ಬೋರ್ಡೊ ಪ್ರದೇಶದ ಕ್ಯಾಬರ್ನೆ ಸೊವಿನ್ಯೊನ್ ದ್ರಾಕ್ಷಿಯ ವೈನ್‌ನಂತೆ ಹುಳಿ, ಒಗರು, ಹಣ್ಣಿನ ಸಾರ ಮೂರೂ ಗಟ್ಟಿಯಾಗಿದ್ದರೆ ಮಾತ್ರ ಕಾಯುವುದಕ್ಕೆ ಅರ್ಥ.

ಬಿರಡೆ ತೆಗೆಯುವ ಮೊದಲು

ಮೊದಲು ನೋಡಬೇಕಾದದ್ದು ವೈನ್‌ನ ಮಟ್ಟ. ಅದು ಬಾಟಲಿಯ ಕುತ್ತಿಗೆಯಲ್ಲಿದ್ದರೆ ಒಳ್ಳೆಯದು. ಹೆಗಲಿನಿಂದ ಕೆಳಗಿಳಿದಿದ್ದರೆ ಬಿರಡೆ ಸೋತು ಗಾಳಿ ಒಳಹೊಕ್ಕಿರುವ ಸಂಶಯ. ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದರೆ ಗಷ್ಟು ತಳಕ್ಕಿಳಿಯುತ್ತದೆ. ಬಗ್ಗಿಸುವಾಗ ಕುತ್ತಿಗೆಯ ಹಿಂದೆ ದೀಪವಿಟ್ಟು, ಗಷ್ಟಿನ ಎಳೆ ಕಂಡ ಕೂಡಲೇ ನಿಲ್ಲಿಸಬೇಕು. ತೀರಾ ಹಳೆಯದನ್ನು ಗಂಟೆಗಟ್ಟಲೆ ಗಾಳಿಗೆ ಬಿಡುವುದು ತಪ್ಪು. ಉಳಿದಿರುವ ಪರಿಮಳವೇ ಅಷ್ಟು, ಅದೂ ಹಾರಿಹೋಗುತ್ತದೆ.

ಗ್ಲಾಸಿನಲ್ಲಿ

ಬಿಳಿ ಬಟ್ಟೆಯ ಮೇಲೆ ಗ್ಲಾಸನ್ನು ಓರೆ ಮಾಡಿದರೆ ಅಂಚು ಕಾಣುತ್ತದೆ. ಎಳೆಯ ವೈನ್‌ನ ಅಂಚು ನೇರಳೆ, ಮಾಗಿದ್ದರದು ಇಟ್ಟಿಗೆ ಕೆಂಪು. ನಡುಭಾಗವೂ ಪೂರ್ತಿ ಕಂದಾಗಿದ್ದರೆ ಕಾಲ ಮೀರಿರಬಹುದು.

ಆಮೇಲೆ ಮೂಗು. ಮೊದಲು ಗ್ಲಾಸನ್ನು ತಿರುಗಿಸದೆ ಮೂಸಬೇಕು, ಅನಂತರ ಮೆಲ್ಲಗೆ ತಿರುಗಿಸಿ. ಹಳೆಯ ಬೋರ್ಡೊ ಬಗ್ಗೆ ಬರೆಯುವವರು ತಂಬಾಕು, ಚರ್ಮ, ಒಣಹಣ್ಣು, ಅಣಬೆ, ತೇವದ ಮಣ್ಣು ಎಂದೆಲ್ಲ ಪಟ್ಟಿ ಕೊಡುತ್ತಾರೆ. ಓದಿದರೆ ಶೋಕಿಯ ಮಾತು ಎನಿಸುತ್ತದೆ. ಆದರೆ ನಿಪ್ಪಾಣಿಯ ತಂಬಾಕು ಗೋದಾಮು, ಅಥಣಿಯ ಚಪ್ಪಲಿ ಅಂಗಡಿ, ತಾಸಗಾಂವದ ಮಣೂಕ (ಒಣದ್ರಾಕ್ಷಿ) ಪೇಟೆ ಇವನ್ನು ಮೂಸಿ ಬಲ್ಲವರ ಮುಂದೆ ಪ್ಯಾರಿಸಿನವರು ಹೆಚ್ಚೇನೂ ಮೆರೆಯಬೇಕಿಲ್ಲ. ಒಣಹಣ್ಣಿನ ವಾಸನೆಯ ಜೊತೆಗೆ ತಾಜಾ ಹಣ್ಣಿನ ಎಳೆಯೂ ಉಳಿದಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಬರೀ ಮಣೂಕವಾಗಿದ್ದರೆ ಬಾಟಲಿ ಎಲ್ಲೋ ಬಿಸಿಲು ತಿಂದಿದೆ.

ಬಾಯಲ್ಲಿ ಹುಳಿ ಇನ್ನೂ ಜೀವಂತವಾಗಿರಬೇಕು, ಒಗರು ನುಣುಪಾಗಿರಬೇಕು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸಿ. ಹಣ್ಣು ಸತ್ತು ಹುಳಿ, ಒಗರು ಮಾತ್ರ ಉಳಿದಿದ್ದರೆ ಲೇಬಲ್ ಎಷ್ಟೇ ದೊಡ್ಡದಿರಲಿ, ಅಂಕ ಕೊಡಬೇಡಿ.

ಕೆಟ್ಟಿದೆ ಎನ್ನುವುದು ಯಾವಾಗ

ಒದ್ದೆ ರಟ್ಟಿನ, ಬೂಸ್ಟಿನ ವಾಸನೆ ಬಂದರೆ ಬಿರಡೆಯ ದೋಷ. ಟಿಸಿಎ ಎಂಬ ರಾಸಾಯನಿಕ ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ವಿನೆಗರ್, ನೇಲ್ ಪಾಲಿಶ್ ರಿಮೂವರ್ ವಾಸನೆ ಬ್ಯಾಕ್ಟೀರಿಯಾದ ಕೆಲಸ. ಕುದುರೆ ಲಾಯದ ವಾಸನೆಗೆ ಬ್ರೆಟಾನೊಮೈಸಿಸ್ ಎಂಬ ಯೀಸ್ಟ್ ಕಾರಣ. ಸ್ವಲ್ಪವಿದ್ದರೆ ಮೆಚ್ಚುವವರೂ ಇದ್ದಾರೆ.

ಹೆಸರಿನ ಭಾರ

2001ರಲ್ಲಿ ಪ್ರಕಟವಾದ ಬೋರ್ಡೊದ ಅಧ್ಯಯನವೊಂದರಲ್ಲಿ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಕೊಟ್ಟಾಗ ಅವರು ಅದನ್ನು ಕೆಂಪು ವೈನ್‌ನ ಪದಗಳಲ್ಲೇ ವರ್ಣಿಸಿದರು. ಓದಿದವರ ಮೂಗೂ ಕಣ್ಣಿನ ಮಾತು ಕೇಳುತ್ತದೆ, ಹೆಸರಿನ ಮಾತನ್ನೂ. 1976ರ ಪ್ಯಾರಿಸ್ ಸ್ಪರ್ಧೆಯಲ್ಲಿ, ಲೇಬಲ್ ಮುಚ್ಚಿಟ್ಟು ಸವಿದಾಗ, ಕ್ಯಾಲಿಫೋರ್ನಿಯಾದ ಕೆಂಪು ವೈನ್ ಫ್ರೆಂಚ್ ಹೆಸರುಗಳನ್ನು ಹಿಂದೆ ಹಾಕಿತು. ಹಳತಾದ ಮೇಲೆ ನೋಡೋಣ ಎಂದು ಫ್ರೆಂಚರು ಸಮಾಧಾನ ಮಾಡಿಕೊಂಡರು. ಅವೇ ಕೆಂಪು ವೈನ್‌ಗಳನ್ನು 2006ರಲ್ಲಿ ಮತ್ತೆ ಸವಿದಾಗ ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಾಕ್ಕೇ ಹೋದವು.

ನಮ್ಮ ಕಡೆ

ರಾಜ್ಯದ 2007ರ ವೈನ್ ನೀತಿ ಕೃಷ್ಣಾ ಕಣಿವೆಯನ್ನೂ ವೈನ್ ವಲಯವಾಗಿ ಕಂಡಿತು. ಆದರೂ ಅಥಣಿ ಕಡೆಯ ದ್ರಾಕ್ಷಿಯ ದಾರಿ ಹೆಚ್ಚಾಗಿ ಒಣದ್ರಾಕ್ಷಿ ಶೆಡ್ಡಿನದು. ದೊಡ್ಡಬಳ್ಳಾಪುರದ ಗ್ರೋವರ್ ತೋಟದವರು ಬೋರ್ಡೊದ ತಜ್ಞ ಮಿಷೆಲ್ ರೋಲಾಂ ಅವರ ಸಲಹೆ ಪಡೆದು ಕ್ಯಾಬರ್ನೆ–ಶಿರಾಜ್ ಮಿಶ್ರಣದ 'ಲಾ ರಿಸರ್ವ್' ಮಾಡಿದರು. ನಮ್ಮ ಬಿಸಿಲಿಗೆ ಹಣ್ಣಿನ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಇಲ್ಲಿನ ಹೆಚ್ಚಿನ ವೈನ್‌ಗಳನ್ನು ಬೇಗ ತೆರೆಯುವುದೇ ಜಾಣತನ. ವೈನ್ ಮಾಗಲು 12–14 ಡಿಗ್ರಿಯ ತಂಪು ಬೇಕು, ಉಗಾರದ ಬೇಸಿಗೆ 40ಕ್ಕೆ ಮುಟ್ಟುತ್ತದೆ. ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ ಎಂಬ ಯುರೋಪಿನ ಸಲಹೆಯಲ್ಲಿರುವ ಕೋಣೆಯೂ 16–18 ಡಿಗ್ರಿಯದು. ನಮ್ಮಲ್ಲಿ ಬಗ್ಗಿಸುವ ಮುನ್ನ ಅರ್ಧ ಗಂಟೆಯಾದರೂ ಫ್ರಿಜ್ಜಿನಲ್ಲಿಡಬೇಕು.