ಕೊರಿಂಥದ ಸಭೆ: ಪವಿತ್ರಾತ್ಮರ ವರಗಳೂ ಪುನರುತ್ಥಾನದ ಭರವಸೆಯೂ



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ನಮಗಿಂತ ಬಹು ಪುರಾತನವಾದ ಒಂದು ಸಭೆಯ ಚರಿತ್ರೆಯನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇವೆ. ಅದು ಗ್ರೀಸ್ ದೇಶದ ಕೊರಿಂಥ ಪಟ್ಟಣದ ಸಭೆ. ಪವಿತ್ರಾತ್ಮರ ವರಗಳು ಅಲ್ಲಿ ಹೇರಳವಾಗಿದ್ದವು, ಜಗಳಗಳಿಗೂ ಕೊರತೆಯಿರಲಿಲ್ಲ.

ಕ್ರಿ.ಪೂ. 146ರಲ್ಲಿ ರೋಮನ್ನರು ಕೊರಿಂಥವನ್ನು ಹಾಳುಗೆಡವಿದರು. ಸುಮಾರು ನೂರು ವರ್ಷಗಳ ತರುವಾಯ, ಕ್ರಿ.ಪೂ. 44ರಲ್ಲಿ, ಜೂಲಿಯಸ್ ಸೀಸರನು ಅದನ್ನು ಮತ್ತೆ ನೆಲೆಗೊಳಿಸಿದನು. ದಾಸ್ಯದಿಂದ ಬಿಡುಗಡೆ ಹೊಂದಿದ ಅನೇಕರು ಅಲ್ಲಿ ಬಂದು ನೆಲಸಿದರು. ಎರಡು ಬಂದರುಗಳಿಂದ ವ್ಯಾಪಾರ ಬೆಳೆಯಿತು. ಹೊಸದಾಗಿ ಹಣ ಕಂಡ ಊರಿನಲ್ಲಿ ಯಾರು ಮೇಲು, ಯಾರು ಕೀಳು ಎಂಬ ಲೆಕ್ಕಾಚಾರ ಹೆಚ್ಚಾಗುವುದು ಸಹಜವೇ.

ಇಂತಹ ಪಟ್ಟಣಕ್ಕೆ ಸಂತ ಪೌಲರು ಕ್ರಿ.ಶ. 50ರ ಸುಮಾರಿಗೆ ಬಂದರು. ಅಕ್ವಿಲ ಮತ್ತು ಪ್ರಿಸ್ಸಿಲ್ಲ ದಂಪತಿಗಳ ಮನೆಯಲ್ಲಿ ತಂಗಿ, ಅವರೊಡನೆ ಗುಡಾರ ಹೊಲಿಯುತ್ತಾ, ಹದಿನೆಂಟು ತಿಂಗಳು ಶುಭಸಂದೇಶ ಸಾರಿದರು. ಅವರನ್ನು ನ್ಯಾಯಪೀಠದ ಮುಂದೆ ನಿಲ್ಲಿಸಿದಾಗ ಗಲ್ಲಿಯೋ ಎಂಬುವನು ಪ್ರಾಂತಾಧಿಕಾರಿಯಾಗಿದ್ದನೆಂದು ‘ಪ್ರೇಷಿತರ ಕಾರ್ಯಕಲಾಪಗಳು’ ತಿಳಿಸುತ್ತದೆ. ಡೆಲ್ಫಿಯಲ್ಲಿ ದೊರೆತ ಶಾಸನವೊಂದರಲ್ಲಿ ಇದೇ ಗಲ್ಲಿಯೋವಿನ ಹೆಸರಿದೆ. ಆದ್ದರಿಂದ ಈ ಘಟನೆಯನ್ನು ಕ್ರಿ.ಶ. 51-52ರ ಸುಮಾರಿನದೆಂದು ಗುರುತಿಸಲು ಸಾಧ್ಯವಾಗಿದೆ.

ಕೆಲವು ವರ್ಷಗಳ ನಂತರ ಪೌಲರು ಎಫೆಸದಲ್ಲಿದ್ದಾಗ, ಕ್ಲೋಯೆ ಎಂಬಾಕೆಯ ಮನೆಯವರು ಕೊರಿಂಥದ ಸುದ್ದಿ ತಂದರು. ಸಭೆ ಪಂಗಡಗಳಾಗಿ ಒಡೆದಿತ್ತು. ಪ್ರಭುಭೋಜನಕ್ಕೆ ಸೇರಿದಾಗಲೂ ಉಳ್ಳವರು ಹೊಟ್ಟೆ ತುಂಬ ಉಣ್ಣುತ್ತಿದ್ದರು, ಇಲ್ಲದವರು ಹಸಿದು ಕುಳಿತಿರುತ್ತಿದ್ದರು. ಅಪರಿಚಿತ ಭಾಷೆಗಳಲ್ಲಿ ಮಾತನಾಡುವ ವರ ಪಡೆದವರು ಉಳಿದವರನ್ನು ಹಗುರವಾಗಿ ಕಾಣುತ್ತಿದ್ದರು. ಇನ್ನು ಕೆಲವರು, ಸತ್ತವರಿಗೆ ಪುನರುತ್ಥಾನವೇ ಇಲ್ಲವೆನ್ನುತ್ತಿದ್ದರು. ಆತ್ಮವು ಅಮರ, ದೇಹವು ಅದರ ಸೆರೆಮನೆ ಎಂಬ ವಿಚಾರ ಆ ಕಾಲದ ಗ್ರೀಕರಲ್ಲಿ ಪರಿಚಿತವಾಗಿತ್ತು.

ನಾವು ಗುರುಮಠದಲ್ಲಿದ್ದಾಗ ಈ ಪತ್ರದ ಹನ್ನೆರಡನೆಯ ಅಧ್ಯಾಯವನ್ನು ವರಗಳ ಪಾಠದಲ್ಲಿಯೂ, ಹದಿನೈದನೆಯದನ್ನು ಮರಣಾನಂತರದ ಗತಿಯ ಪಾಠದಲ್ಲಿಯೂ ಬೇರೆಬೇರೆಯಾಗಿ ಓದಿ ಪರೀಕ್ಷೆ ಬರೆದೆವು. ಇವೆರಡೂ ಒಂದೇ ವ್ಯಾಧಿಗೆ ಕೊಟ್ಟ ಒಂದೇ ಔಷಧವೆಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ, ಅನೇಕರನ್ನು ಮಣ್ಣಿಗಿಟ್ಟು ಬಂದ ಮೇಲೆ. ದೇಹಕ್ಕೆ ಬೆಲೆಯಿಲ್ಲವೆಂದವರಿಗೆ ಹಸಿದ ನೆರೆಯವನ ಹೊಟ್ಟೆಯೂ ಕಾಣಲಿಲ್ಲ. ಆದ್ದರಿಂದಲೇ ಪೌಲರು ಮೊದಲು, ಸಭೆಯೇ ಕ್ರಿಸ್ತರ ದೇಹ, ಅದರಲ್ಲಿ ದುರ್ಬಲವೆಂದು ತೋರುವ ಅಂಗವೇ ಅತ್ಯಗತ್ಯವಾದದ್ದು ಎಂದು ಬೋಧಿಸಿದರು. ವಿವೇಕ, ವಿಶ್ವಾಸ, ರೋಗಶಮನ, ಪ್ರವಾದನೆ ಮೊದಲಾದ ವರಗಳನ್ನು ಎಣಿಸುವಾಗ, ಕೊರಿಂಥದವರು ಮೆರೆಯುತ್ತಿದ್ದ ಭಾಷೆಗಳ ವರವನ್ನು ಕೊನೆಯಲ್ಲಿಟ್ಟರು. ಎಲ್ಲ ವರಗಳಿಗೂ ಅಳತೆಗೋಲು ಒಂದೇ: ಅದು ಸಭೆಯನ್ನು ಕಟ್ಟುತ್ತದೆಯೇ? ವರಗಳು ನಿಂತುಹೋಗುತ್ತವೆ, ಪ್ರೀತಿ ಮಾತ್ರ ಉಳಿಯುತ್ತದೆ ಎಂಬುದು ಅವರ ಬೋಧನೆಯ ತಿರುಳು.

ಅನಂತರ ಪುನರುತ್ಥಾನದ ವಿಚಾರ. ಇಲ್ಲಿ ಪೌಲರು ತರ್ಕಕ್ಕಿಂತ ಮೊದಲು ಸಾಕ್ಷಿಗಳನ್ನು ನಿಲ್ಲಿಸುತ್ತಾರೆ: ಕೇಫ, ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸಹೋದರರು, ಯಕೋಬ, ಕಡೆಯಲ್ಲಿ ತಾವು. ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂದೂ ಹೇಳುತ್ತಾರೆ. ಪ್ರಭುವಿನ ಪುನರುತ್ಥಾನವಾಗಿ ಸುಮಾರು ಇಪ್ಪತ್ತೈದು ವರ್ಷಗಳೊಳಗೆ ಬರೆದ ಮಾತಿದು. ಸತ್ತವರನ್ನು ಅವರು ನಿದ್ರೆ ಹೋದವರೆಂದು ಕರೆದರು. ಕ್ರೈಸ್ತರು ತಮ್ಮ ಸಮಾಧಿಭೂಮಿಗೆ ಗ್ರೀಕ್ ಭಾಷೆಯಲ್ಲಿ ‘ಮಲಗುವ ಸ್ಥಳ’ ಎಂಬರ್ಥದ ಹೆಸರಿಟ್ಟರು. ಪುನರುತ್ಥಾನವನ್ನು ಕುರಿತ ಮಾತು ಮುಗಿದೊಡನೆಯೇ ಪೌಲರು ಪ್ರಸ್ತಾಪಿಸುವುದು ಜೆರುಸಲೇಮಿನ ಭಕ್ತರಿಗಾಗಿ ಹಣ ಸಂಗ್ರಹಿಸುವ ವಿಷಯವನ್ನು! ಪರಲೋಕದ ಭರವಸೆಯು ಇಹಲೋಕದ ಕರ್ತವ್ಯದಿಂದ ನಮ್ಮನ್ನು ಬಿಡಿಸುವುದಿಲ್ಲ.

ಕೊರಿಂಥದವರು ತಿದ್ದಿಕೊಂಡರೇ? ಪೂರ್ತಿಯಾಗಿ ಅಲ್ಲ. ಕ್ರಿ.ಶ. 96ರ ಸುಮಾರಿಗೆ ಅವರು ತಮ್ಮ ಹಿರಿಯರನ್ನು ಪದಚ್ಯುತಗೊಳಿಸಿದಾಗ, ರೋಮಿನಿಂದ ಸಂತ ಕ್ಲೆಮೆಂಟರು ಪತ್ರ ಬರೆದು, ಪೌಲರ ಪತ್ರವನ್ನು ಮತ್ತೆ ಕೈಗೆತ್ತಿಕೊಳ್ಳಿರೆಂದು ಬುದ್ಧಿ ಹೇಳಬೇಕಾಯಿತು. ಅವರೂ ಬೀಜದ ನಿದರ್ಶನ ಕೊಟ್ಟು ಪುನರುತ್ಥಾನವನ್ನು ನೆನಪಿಸಿದರು.

ವರಗಳು ಆದಿಸಭೆಯೊಂದಿಗೇ ಮುಗಿದವೆಂಬ ಭಾವನೆ ಮುಂದೆ ಬಹುಕಾಲ ಹಬ್ಬಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ, 1963ರಲ್ಲಿ, ಬೆಲ್ಜಿಯಮಿನ ಕಾರ್ಡಿನಲ್ ಸುಯೆನೆನ್ಸರು ಈ ಭಾವನೆಯನ್ನು ವಿರೋಧಿಸಿ ಮಾತನಾಡಿದರು. 1964ರ ನವೆಂಬರ್ 21ರಂದು ಪ್ರಕಟವಾದ, ಧರ್ಮಸಭೆಯನ್ನು ಕುರಿತ ಸಂವಿಧಾನವು, ಪವಿತ್ರಾತ್ಮರು ಎಲ್ಲ ಅಂತಸ್ತಿನ ವಿಶ್ವಾಸಿಗಳಿಗೂ ವರಗಳನ್ನು ಹಂಚುತ್ತಾರೆಂದು ಸ್ಪಷ್ಟಪಡಿಸಿತು.

ಈ ನೂರು ವರ್ಷಗಳಲ್ಲಿ ನಮ್ಮ ನಡುವೆಯೂ ಮುಂದಿನ ಸಾಲಿಗಾಗಿ, ಮೊದಲ ಗೌರವಕ್ಕಾಗಿ ಮನಸ್ತಾಪಗಳಾಗಿಲ್ಲವೆಂದು ಯಾರು ಹೇಳಬಲ್ಲರು? ಈ ಸಂಚಿಕೆಯಲ್ಲಿ ಕೆಲವರ ಹೆಸರುಗಳು ಅಚ್ಚಾಗಿವೆ. ಕಲ್ಲು ಹೊತ್ತವರು, ನೆಲ ಗುಡಿಸಿದವರು, ರೋಗಿಯ ಬಳಿ ರಾತ್ರಿಯಿಡೀ ಜಪಸರ ಹಿಡಿದು ಕುಳಿತವರು ಹೆಸರಿಲ್ಲದೆ ನಮ್ಮ ಸಮಾಧಿಭೂಮಿಯಲ್ಲಿ ಮಲಗಿದ್ದಾರೆ. ಅವರದೂ ವರಗಳೇ. ಪ್ರಭುವಿನಲ್ಲಿ ಪಟ್ಟ ಶ್ರಮ ವ್ಯರ್ಥವಲ್ಲವೆಂದು ಪೌಲರು ಕೊಟ್ಟ ಭರವಸೆ ಮೊದಲಿಗೆ ಅವರಿಗೆ ಸಲ್ಲುತ್ತದೆ. ಉತ್ಸವದ ಬಲಿಪೂಜೆ ಮುಗಿದ ಮೇಲೆ ನಾವೆಲ್ಲರೂ ಆ ಸಮಾಧಿಗಳ ಬಳಿ ಹೋಗಿ ಪ್ರಾರ್ಥಿಸೋಣ; ಮುನಿಸಿಕೊಂಡವರೊಡನೆ ರಾಜಿಯಾಗಿ ಮನೆಗೆ ಹಿಂದಿರುಗೋಣ.