ಷೇರು ಬಿದ್ದ ಕಥೆ ಗೊತ್ತು, ಬೆಲ್ ಕಥೆ ಗೊತ್ತಾ?

1/5
ಇನ್‌ಸೈಡರ್ ಟ್ರೇಡಿಂಗ್ ಅಂದ್ರೆ ನಮ್ಮ ಕಾಮರ್ಸ್‌ನವರಿಗೆ ಇಮ್‌ಕ್ಲೋನ್ ಕೇಸ್ ನೆನಪಾಗುತ್ತೆ. 2001ರ ಡಿಸೆಂಬರ್ 28. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಕಂಪನಿಯ ಹೊಸ ಔಷಧದ ಅರ್ಜಿಯನ್ನ ಪರಿಶೀಲನೆಗೇ ತಗೊಳ್ಳಲ್ಲ ಅಂದುಬಿಡ್ತು. ಷೇರು ಕುಸೀತು. ಆದ್ರೆ ಟಿವಿಯ ಜನಪ್ರಿಯ ಮುಖ ಮಾರ್ಥಾ ಸ್ಟೀವರ್ಟ್ ಹಿಂದಿನ ದಿನವೇ ತಮ್ಮ 3,928 ಷೇರು ಮಾರಿ ಆಗಿತ್ತು! ಕಂಪನಿ ಮುಖ್ಯಸ್ಥ ಸ್ಯಾಮ್ ವಾಕ್ಸಲ್‌ಗೆ ಏಳು ವರ್ಷಕ್ಕೂ ಹೆಚ್ಚು ಜೈಲು ಶಿಕ್ಷೆ. ತನಿಖೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಮಾರ್ಥಾಗೆ ಐದು ತಿಂಗಳು.

ನಮ್ಮ ಪಾಠ ಇಲ್ಲಿಗೆ ಮುಗಿಯುತ್ತೆ. ಆ ಔಷಧ ಯಾವುದು ಅಂತ ಯಾರೂ ಕೇಳಲ್ಲ. ಅದು ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಮಾಡಿದ್ದ ಸೆಟುಕ್ಸಿಮ್ಯಾಬ್. ಅದರ ಕಥೆ ಶುರುವಾಗಿದ್ದು ಇಲಿಮರಿಗಳಿಂದ 👇

2/5
1950ರ ದಶಕ. ಸ್ಟ್ಯಾನ್ಲಿ ಕೋಹೆನ್ ಅನ್ನೋ ವಿಜ್ಞಾನಿ ಇಲಿಯ ಜೊಲ್ಲುಗ್ರಂಥಿಯ ಸಾರವನ್ನ ಆಗಷ್ಟೇ ಹುಟ್ಟಿದ ಮರಿಗಳಿಗೆ ಚುಚ್ಚಿ ನೋಡ್ತಿದ್ರು. ಸಾಮಾನ್ಯವಾಗಿ ಎರಡು ವಾರಕ್ಕೆ ಕಣ್ಣು ಬಿಡೋ ಮರಿಗಳು ಒಂದೇ ವಾರಕ್ಕೆ ಬಿಟ್ಟವು. ಹಲ್ಲೂ ಬೇಗ ಬಂದ್ವು. ಕಾರಣ ಹುಡುಕ್ತಾ ಹೋದಾಗ ಒಂದು ಪ್ರೋಟೀನ್ ಸಿಕ್ತು. ಚರ್ಮದ ಕೋಶಗಳಿಗೆ ‘ಬೆಳೀರಿ’ ಅಂತ ಹೇಳೋ ಪ್ರೋಟೀನ್ ಅದು. 1962ರಲ್ಲಿ ಅದನ್ನ ಪ್ರಕಟಿಸಿದ್ರು. ಈಗ ಅದರ ಹೆಸರು ಇಜಿಎಫ್. ಹೊರಗಿರೋ ಪ್ರೋಟೀನ್‌ನ ಮಾತು ಕೋಶದ ಒಳಗೆ ಕೇಳಿಸೋದು ಹೇಗೆ? ಕೋಶದ ಮೇಲ್ಮೈಯಲ್ಲಿರೋ ರಿಸೆಪ್ಟರ್ ಮೂಲಕ. ಅದೇ ಇಜಿಎಫ್‌ಆರ್. 1986ರಲ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಇಬ್ಬರಿಗೂ ನೊಬೆಲ್ ಬಂತು.

3/5
ರಿಸೆಪ್ಟರ್ ಅಂದ್ರೆ ಮನೆ ಬಾಗಿಲ ಕಾಲಿಂಗ್ ಬೆಲ್ ಅಂದ್ಕೊಳ್ಳಿ. ಇಜಿಎಫ್ ಬಂದು ಬಟನ್ ಒತ್ತುತ್ತೆ, ವೈರ್ ಮೂಲಕ ಸಂದೇಶ ಒಳಗೆ ಹೋಗುತ್ತೆ, ಕೋಶ ಎರಡಾಗುತ್ತೆ. ಕರುಳಿಗೆ ಇದು ಬೇಕೇ ಬೇಕು. ಅದರ ಒಳಪದರದ ಕೋಶಗಳು ಕೆಲವೇ ದಿನಕ್ಕೆ ಉದುರಿ ಹೊಸವು ಬರ್ತಾ ಇರ್ತವೆ. ತೊಂದರೆ ಏನಪ್ಪಾ ಅಂದ್ರೆ, ಬೆಲ್ ನಿಲ್ಲದೆ ಹೊಡೀತಾ ಇದ್ರೆ ಕೋಶಗಳೂ ಹೆಚ್ಚುತ್ತಲೇ ಹೋಗ್ತವೆ. ಹಾಗಂತ ಇದೊಂದರಿಂದಲೇ ಕ್ಯಾನ್ಸರ್ ಬರಲ್ಲ. ಬೇರೆ ಬೇರೆ ಜೀನ್‌ಗಳು ಒಂದೊಂದಾಗಿ ಕೆಟ್ಟು, ಸಣ್ಣ ಗಂಟು ಕ್ಯಾನ್ಸರ್ ಆಗೋಕೆ ಹಲವು ವರ್ಷ ಬೇಕು.

4/5
1980ರ ದಶಕದಲ್ಲಿ ಜಾನ್ ಮೆಂಡೆಲ್‌ಸನ್ ಮತ್ತು ಗಾರ್ಡನ್ ಸಾಟೊ ಸಿಂಪಲ್ಲಾಗಿ ಯೋಚಿಸಿದ್ರು: ಬಟನ್ ಮೇಲೆ ಟೇಪ್ ಅಂಟಿಸಿದ್ರೆ? ಆ ಟೇಪ್ ಒಂದು ಆ್ಯಂಟಿಬಾಡಿ. ಅದೇ ಮುಂದೆ ಸೆಟುಕ್ಸಿಮ್ಯಾಬ್ ಆಯ್ತು. 2004ರ ಫೆಬ್ರವರಿಯಲ್ಲಿ ಕೊನೆಗೂ ಎಫ್‌ಡಿಎ ಒಪ್ಪಿಗೆ ಕೊಡ್ತು. ಮುಂದಿನ ತಿಂಗಳೇ ಮಾರ್ಥಾ ತಪ್ಪಿತಸ್ಥೆ ಅಂತ ತೀರ್ಪು ಬಂತು. ಪೇಪರ್‌ಗಳಲ್ಲಿ ದೊಡ್ಡ ಸುದ್ದಿ ಆಗಿದ್ದು ಯಾವುದು ಅಂತ ಹೇಳ್ಬೇಕಾ? 🙃

5/5
ಆದ್ರೆ ಎಷ್ಟೋ ರೋಗಿಗಳಿಗೆ ಔಷಧ ಕೆಲಸವೇ ಮಾಡಲಿಲ್ಲ. ಗಡ್ಡೆಯಲ್ಲಿ ಬೆಲ್ ಜಾಸ್ತಿ ಇದ್ರೆ ಔಷಧ ಚೆನ್ನಾಗಿ ಹಿಡಿಯುತ್ತೆ ಅನ್ನೋ ಲೆಕ್ಕಾಚಾರ ಸುಳ್ಳಾಯ್ತು. ಉತ್ತರ 2008ರಲ್ಲಿ ಸ್ಪಷ್ಟವಾಯ್ತು. ಬೆಲ್‌ನಿಂದ ಒಳಗೆ ಹೋಗೋ ವೈರ್‌ನಲ್ಲಿ ಕೆ-ರಾಸ್ ಅನ್ನೋ ಪ್ರೋಟೀನ್ ಇದೆ. ಸುಮಾರು 40% ರೋಗಿಗಳ ಗಡ್ಡೆಯಲ್ಲಿ ಇದರ ಜೀನ್ ಕೆಟ್ಟಿರುತ್ತೆ. ಅಂದ್ರೆ ವೈರೇ ಶಾರ್ಟ್ ಆಗಿದೆ, ಯಾರೂ ಒತ್ತದೆ ಬೆಲ್ ಹೊಡ್ಕೋತಾ ಇದೆ. ಬಟನ್‌ಗೆ ಟೇಪ್ ಹಾಕಿ ಏನು ಪ್ರಯೋಜನ? 2009ರಲ್ಲಿ ಎಫ್‌ಡಿಎ, ಇಂಥವರಿಗೆ ಈ ಔಷಧ ಬೇಡ ಅಂತ ಲೇಬಲ್ ಬದಲಿಸ್ತು.

ಅಲ್ಲಿವರೆಗೆ ಅವರು ದುಬಾರಿ ಔಷಧ ಹಾಕಿಸ್ಕೊಂಡು, ಮೈಮೇಲೆ ಗುಳ್ಳೆ ಎದ್ರೂ ಸಹಿಸ್ಕೊಂಡು ಕಾದಿದ್ರು. ಮಾರ್ಥಾ ತಪ್ಪಿಸಿಕೊಂಡ ನಷ್ಟ ಸುಮಾರು 45,000 ಡಾಲರ್ ಅಂತ ಲೆಕ್ಕ ಇದೆ. ಇವರ ನಷ್ಟ ಯಾವ ಬ್ಯಾಲೆನ್ಸ್ ಶೀಟ್‌ನಲ್ಲೂ ಇಲ್ಲ.

ನಿಮ್ಮ ಮನೇಲಿ ಯಾರಿಗಾದ್ರೂ ಡಾಕ್ಟರ್ ಈ ಔಷಧದ ಮಾತು ಎತ್ತಿದ್ರೆ, ಮೊದಲು ಕೇಳಿ: ‘ರಾಸ್ ಟೆಸ್ಟ್ ಆಗಿದ್ಯಾ?’ ಬೇಕಾಗಬಹುದು, ಸೇವ್ ಮಾಡಿಟ್ಕೊಳ್ಳಿ 🤍