ಸ್ಟ್ರಿಂಗ್ ಆಗಿಯೇ ಬರುವ 3000

ನೋಡ್ ಜೆಎಸ್‌ನಲ್ಲಿ ಬರೆದ ಸರ್ವರ್ ಒಂದಕ್ಕೆ ಹೊರಗಿನಿಂದ ‘ಪೋರ್ಟ್=3000’, ‘ಡೀಬಗ್=ಫಾಲ್ಸ್’ ಎಂದು ಎರಡು ಎನ್ವಿರಾನ್ಮೆಂಟ್ ವೇರಿಯಬಲ್ ಕೊಟ್ಟರೆ, ಒಳಗೆ ಸಿಗುವುದು ಮೂರು ಸಾವಿರ ಎಂಬ ಸಂಖ್ಯೆಯಲ್ಲ, ನಾಲ್ಕು ಅಕ್ಷರಗಳ ಒಂದು ಸ್ಟ್ರಿಂಗ್. ‘ಫಾಲ್ಸ್’ ಕೂಡ ಸ್ಟ್ರಿಂಗೇ. ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಜಾವಾಸ್ಕ್ರಿಪ್ಟ್‌ನ ಇಫ್ ಷರತ್ತಿನಲ್ಲಿ ನಿಜವೆಂದೇ ಲೆಕ್ಕ. ಹಾಗಾಗಿ ಬೇಡವೆಂದು ಬರೆದ ಡೀಬಗ್ ಚಾಲೂ ಆಗಿಬಿಡುತ್ತದೆ. ಇದನ್ನು ಕಂಡವರು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮನ್ನೋ ಭಾಷೆಯನ್ನೋ ದೂರುತ್ತಾರೆ. ಈ ಪದ್ಧತಿ ಬೆಳೆದುಬಂದ ದಾರಿಯನ್ನು ನೋಡಿದರೆ ಬೇರೆಯೇ ಮಾತು ಹೊರಡುತ್ತದೆ. ಮೌಲ್ಯಗಳು ಸ್ಟ್ರಿಂಗ್ ಆಗಿ ಬರುವುದು ದೋಷವಲ್ಲ. ಒಂದು ಮೌಲ್ಯ ಸಂಖ್ಯೆಯೋ, ಹೌದು-ಅಲ್ಲವೋ, ಪಟ್ಟಿಯೋ ಎಂಬ ತಿಳಿವಳಿಕೆ ಮೊದಲಿನಿಂದಲೂ ಅದನ್ನು ಓದಿಕೊಳ್ಳುವ ಪ್ರೋಗ್ರಾಮಿನದೇ ಆಗಿತ್ತು. ಆ ಹೊಣೆಯನ್ನು ಊಹೆಗೆ ಬಿಟ್ಟಾಗಲೆಲ್ಲ ತೊಂದರೆ ಹುಟ್ಟಿದೆ.

ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ಬಳಕೆಗೆ ಬಂದದ್ದು 1979ರಲ್ಲಿ ಬೆಲ್ ಲ್ಯಾಬ್ಸ್ ಹೊರತಂದ ಯೂನಿಕ್ಸ್‌ನ ಏಳನೇ ಆವೃತ್ತಿಯಲ್ಲಿ, ಸ್ಟೀವನ್ ಬೋರ್ನ್ ಬರೆದ ಶೆಲ್ ಜೊತೆಗೆ. ಹೊಸ ಪ್ರೋಗ್ರಾಮ್ ಶುರುವಾಗುವಾಗ ಕರ್ನಲ್ ಅದಕ್ಕೆ ‘ಹೆಸರು=ಮೌಲ್ಯ’ ಎಂಬ ರೂಪದ ಸ್ಟ್ರಿಂಗ್‌ಗಳ ಒಂದು ಸಾಲನ್ನು ದಾಟಿಸುತ್ತದೆ. ಒಂದೊಂದು ಸ್ಟ್ರಿಂಗ್ ಸೊನ್ನೆ ಬೈಟ್‌ನಲ್ಲಿ ಮುಗಿಯುತ್ತದೆ, ಕರ್ನಲ್‌ಗೆ ಗೊತ್ತಿರುವುದು ಅಷ್ಟೇ. ಒಳಗೇನಿದೆ ಎಂದು ಅದು ನೋಡುವುದಿಲ್ಲ. ಆದರೆ ಆ ಸ್ಟ್ರಿಂಗ್‌ಗಳಿಗೆ ಟೈಪ್ ಇರಲಿಲ್ಲ ಎಂದು ಹೇಳಲಾಗದು. ‘ಪಾತ್’ ಎನ್ನುವುದು ಕೋಲನ್ ಚಿಹ್ನೆಯಿಂದ ಬಿಡಿಸಿಟ್ಟ ಡೈರೆಕ್ಟರಿಗಳ ಪಟ್ಟಿ, ‘ಹೋಮ್’ ಒಂದೇ ಡೈರೆಕ್ಟರಿ, ‘ಟರ್ಮ್’ ಟರ್ಮಿನಲ್‌ನ ಬಗೆಯನ್ನು ಹೇಳುವ ಹೆಸರು. ಪಾತ್ ಪಟ್ಟಿಯೆಂಬುದು ಕರ್ನಲ್‌ಗೆ ಗೊತ್ತಿಲ್ಲ, ಶೆಲ್‌ಗೆ ಗೊತ್ತು. 1983ರ ಎಂಎಸ್-ಡಾಸ್ 2.0 ಕೂಡ ಇದೇ ಜಾಡು ಹಿಡಿಯಿತು. ಸಿ ಭಾಷೆಯಲ್ಲಿ ಬರೆಯುವವರು ಸ್ಟ್ರಿಂಗನ್ನು ಪಡೆದು ‘ಎಟುಐ’ ಎಂಬ ಫಂಕ್ಷನ್‌ಗೆ ಕೊಟ್ಟು ಸಂಖ್ಯೆ ಮಾಡಿಕೊಳ್ಳುತ್ತಿದ್ದರು. ಅಂಕಿಯೇ ಇಲ್ಲದ ಸ್ಟ್ರಿಂಗ್ ಕೊಟ್ಟರೆ ಅದು ತಕರಾರಿಲ್ಲದೆ ಸೊನ್ನೆ ಹಿಂತಿರುಗಿಸುತ್ತಿತ್ತು. ಕಣ್ಣುಮುಚ್ಚಿ ಟೈಪ್ ಬದಲಿಸುವ ಅಪಾಯ ಜಾವಾಸ್ಕ್ರಿಪ್ಟ್‌ಗಿಂತ ಹಳೆಯದು.

ಜಾವಾಸ್ಕ್ರಿಪ್ಟ್ ಹುಟ್ಟಿದ್ದು ಬೇರೊಂದು ಮನೆಯಲ್ಲಿ. 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಅದರ ಮೊದಲ ರೂಪ ಕಟ್ಟಿದಾಗ ಅದರ ಕೆಲಸ ವೆಬ್ ಪುಟದ ಒಳಗಿತ್ತು. ಫಾರ್ಮ್‌ನ ಖಾನೆಯಲ್ಲಿ ಜನ ಏನು ತುಂಬಿದರೂ ಸ್ಕ್ರಿಪ್ಟ್‌ಗೆ ಸಿಗುವುದು ಸ್ಟ್ರಿಂಗ್. ಅದನ್ನು ಹೇಗೋ ಸಂಖ್ಯೆ ಮಾಡಿಕೊಂಡು ಮುಂದೆ ಹೋಗುವ ಧಾರಾಳತನ ಅಲ್ಲಿ ಅನುಕೂಲವೇ ಆಗಿತ್ತು. ಆದರೂ ಆಗಲೇ ಪೆಟ್ಟು ಬಿದ್ದಿತ್ತು. ಸೊನ್ನೆಯಿಂದ ಶುರುವಾಗುವ ಅಂಕಿಗಳನ್ನು ಎಂಟರ ಮೂಲದ ಸಂಖ್ಯೆಯೆಂದು ಓದಲು, ಸ್ಟ್ರಿಂಗನ್ನು ಸಂಖ್ಯೆ ಮಾಡುವ ‘ಪಾರ್ಸ್‌ಇಂಟ್’ ಫಂಕ್ಷನ್‌ಗೆ ಹಳೆಯ ನಿಯಮದಲ್ಲಿ ಅವಕಾಶವಿತ್ತು. ಹಾಗೆ ಓದುವ ಬ್ರೌಸರ್‌ಗೆ ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಕೊಟ್ಟರೆ ಬರುತ್ತಿದ್ದುದು ಸೊನ್ನೆ, ಏಕೆಂದರೆ ಎಂಟರ ಮೂಲದಲ್ಲಿ 8 ಎಂಬ ಅಂಕಿಯೇ ಇಲ್ಲ. ಪಾರ್ಸ್‌ಇಂಟ್ ಬರೆದಲ್ಲೆಲ್ಲ ಎರಡನೇ ಆರ್ಗ್ಯುಮೆಂಟ್ ಆಗಿ 10 ಎಂದು ಸೇರಿಸುವ ರೂಢಿ ಬೇರೂರಿದ್ದು ಹೀಗೆ. 2009ರ ಡಿಸೆಂಬರ್‌ನಲ್ಲಿ ಬಂದ ಜಾವಾಸ್ಕ್ರಿಪ್ಟ್‌ನ ಮಾನದಂಡ ಎಕ್ಮಾಸ್ಕ್ರಿಪ್ಟ್ 5 ಆ ನಿಯಮವನ್ನು ತೆಗೆದುಹಾಕಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಬರ್ಲಿನ್‌ನ ಸಮ್ಮೇಳನವೊಂದರಲ್ಲಿ ರಯಾನ್ ಡಾಲ್ ನೋಡ್ ಜೆಎಸ್ ತೋರಿಸಿದ್ದರು. ಬ್ರೌಸರ್‌ನ ಭಾಷೆ ಯೂನಿಕ್ಸ್‌ನ ಪ್ರೋಸೆಸ್ ಆಯಿತು, ‘ಪ್ರೋಸೆಸ್.ಎನ್ವ್’ ಎಂಬ ಆಬ್ಜೆಕ್ಟ್‌ನಲ್ಲಿ ಎರಡು ಚರಿತ್ರೆಗಳು ಕೂಡಿದವು. ಅದು ನೋಡಲು ಸಾಮಾನ್ಯ ಆಬ್ಜೆಕ್ಟ್‌ನಂತಿದ್ದರೂ, ಒಳಗೆ ಸಂಖ್ಯೆ ಇಟ್ಟರೆ ಸ್ಟ್ರಿಂಗ್ ಆಗುತ್ತದೆ, ‘ಅನ್‌ಡಿಫೈನ್ಡ್’ ಇಟ್ಟರೆ ಆ ಹೆಸರಿನದೇ ಸ್ಟ್ರಿಂಗ್ ಹೊರಬರುತ್ತದೆ.

ಈ ಕೂಡಿಕೆ ಮನೆಮಾತಾಗಲು ಮುಖ್ಯ ಕಾರಣ ಹೆರೋಕು ಎಂಬ ಕ್ಲೌಡ್ ಕಂಪನಿ. ಅಲ್ಲಿನ ಆಡಮ್ ವಿಗ್ಗಿನ್ಸ್ 2011ರ ಹೊತ್ತಿಗೆ ‘ಟ್ವೆಲ್ವ್-ಫ್ಯಾಕ್ಟರ್ ಆ್ಯಪ್’ ಎಂಬ ಬರಹದಲ್ಲಿ ಕಾನ್ಫಿಗರೇಶನ್ ಕೋಡ್‌ನಲ್ಲಿ ಇರಬಾರದು, ಎನ್ವಿರಾನ್ಮೆಂಟ್‌ನಲ್ಲಿ ಇರಬೇಕು ಎಂದು ವಾದಿಸಿದರು. ಯಾವ ಭಾಷೆಗೂ ಯಾವ ಆಪರೇಟಿಂಗ್ ಸಿಸ್ಟಮ್‌ಗೂ ಕಟ್ಟುಬೀಳದ ವ್ಯವಸ್ಥೆ ಅದು ಎಂಬುದು ಅವರ ಸಮರ್ಥನೆಯ ಒಂದು ಅಂಶ. ಆ ಗುಣ ಬಂದದ್ದೇ ಎಲ್ಲವೂ ಸ್ಟ್ರಿಂಗ್ ಆಗಿರುವುದರಿಂದ. ನೋಡ್‌ನ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್‌ನ ಜನರೇಟರ್ ಹುಟ್ಟಿಸುವ ಫೈಲ್‌ನಲ್ಲಿ ‘ನಾರ್ಮಲೈಸ್‌ಪೋರ್ಟ್’ ಎಂಬ ಪುಟ್ಟ ಫಂಕ್ಷನ್ ಇದೆ, ಸಾವಿರಾರು ಪ್ರಾಜೆಕ್ಟ್‌ಗಳಲ್ಲಿ ಓದದೆಯೇ ಉಳಿದಿರುವಂಥದ್ದು. ಅದು ಬಂದ ಸ್ಟ್ರಿಂಗನ್ನು ಪಾರ್ಸ್‌ಇಂಟ್‌ಗೆ 10ರ ಜೊತೆ ಕೊಡುತ್ತದೆ. ಸಂಖ್ಯೆಯಾಗದಿದ್ದರೆ ಸ್ಟ್ರಿಂಗನ್ನೇ ವಾಪಸ್ ಕೊಡುತ್ತದೆ, ಏಕೆಂದರೆ ಅದು ‘ನೇಮ್ಡ್ ಪೈಪ್’ ಇರಬಹುದು. ಸಂಖ್ಯೆ ಸೊನ್ನೆ ಅಥವಾ ಹೆಚ್ಚಿದ್ದರೆ ಸಂಖ್ಯೆ, ಇಲ್ಲವಾದರೆ ಫಾಲ್ಸ್. ವಿಂಡೋಸ್‌ನಲ್ಲಿ ಐಐಎಸ್ ವೆಬ್ ಸರ್ವರ್ ಅಡಿ ನೋಡ್ ಓಡಿಸಿದಾಗ ಪೋರ್ಟ್ ವೇರಿಯಬಲ್‌ನಲ್ಲಿ ನಿಜಕ್ಕೂ ಪೈಪ್‌ನ ಹೆಸರು ಬರುತ್ತದೆ. ಒಂದೇ ವೇರಿಯಬಲ್‌ಗೆ ಎರಡು ಅರ್ಥ ಇರಬಲ್ಲದು, ಅದನ್ನು ಬಿಡಿಸಬಲ್ಲದ್ದು ಓದುವ ಪ್ರೋಗ್ರಾಮ್ ಮಾತ್ರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು. ಆ ಫಂಕ್ಷನ್‌ನ ಕೊರತೆಯೂ ಅಲ್ಲೇ ಇದೆ: 3000ದ ಹಿಂದೆ ಕೈತಪ್ಪಿ ಅಕ್ಷರಗಳು ಸೇರಿದ್ದರೂ ಪಾರ್ಸ್‌ಇಂಟ್ ಮೊದಲ ಅಂಕಿಗಳನ್ನು ಓದಿ ಸುಮ್ಮನಾಗುತ್ತದೆ.

ಭಾಷೆ ಸುಧಾರಿಸಿದಂತೆ ಈ ತೊಂದರೆ ತಾನಾಗಿ ಕಡಿಮೆಯಾಗುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಹಿಂದೆ ‘||’ ಚಿಹ್ನೆಯಿಂದ ಡೀಫಾಲ್ಟ್ ಕೊಡುತ್ತಿದ್ದಾಗ ಖಾಲಿ ಸ್ಟ್ರಿಂಗ್ ಬಂದರೂ 3000ಕ್ಕೆ ಹೋಗುತ್ತಿತ್ತು. 2020ರಲ್ಲಿ ಬಂದ ‘??’ ಚಿಹ್ನೆ ಹೆಚ್ಚು ಕರಾರುವಾಕ್ಕಾದದ್ದು. ಮೌಲ್ಯ ಇಲ್ಲವೇ ಇಲ್ಲ ಎಂದಾಗ ಮಾತ್ರ ಡೀಫಾಲ್ಟ್ ಹಿಡಿಯುತ್ತದೆ. ಹೀಗಾಗಿ ಯಾರೋ ‘ಪೋರ್ಟ್=’ ಎಂದು ಬರೆದು ಮುಂದೆ ಖಾಲಿ ಬಿಟ್ಟರೆ ಖಾಲಿ ಸ್ಟ್ರಿಂಗ್ ಹಾಗೆಯೇ ದಾಟುತ್ತದೆ, ‘ನಂಬರ್’ ಫಂಕ್ಷನ್ ಅದನ್ನು ಸೊನ್ನೆ ಮಾಡುತ್ತದೆ. ಪೋರ್ಟ್ ಸೊನ್ನೆಯೆಂದರೆ ಬಿಡುವಿರುವ ಯಾವುದಾದರೂ ಪೋರ್ಟ್ ಕೊಡು ಎಂದು ಆಪರೇಟಿಂಗ್ ಸಿಸ್ಟಮನ್ನು ಕೇಳಿದಂತೆ. ಸರ್ವರ್ ಎದ್ದು ನಿಲ್ಲುತ್ತದೆ, ಎರರ್ ಇಲ್ಲ, ಆದರೆ ಯಾರೂ ಹುಡುಕದ ಬಾಗಿಲಲ್ಲಿ.

ಹಾಗಾದರೆ ಅಂಕಿಯಂತೆ ಕಂಡದ್ದನ್ನೆಲ್ಲ ಸಂಖ್ಯೆಯಾಗಿ, ಟ್ರೂ-ಫಾಲ್ಸ್ ಕಂಡದ್ದನ್ನು ಬೂಲಿಯನ್ ಆಗಿ ಲೈಬ್ರರಿಯೇ ಮಾಡಿಕೊಡಲಿ ಎಂಬುದು ಸಹಜವಾದ ಪ್ರಶ್ನೆ. ಈ ಪ್ರಯೋಗ ಯಾಮೆಲ್ ಎಂಬ ಕಾನ್ಫಿಗರೇಶನ್ ಫೈಲ್‌ಗಳ ಭಾಷೆಯಲ್ಲಿ ನಡೆದು ಸೋತಿದೆ. ಅದರ 1.1 ಆವೃತ್ತಿಯಲ್ಲಿ ‘ಯೆಸ್’, ‘ನೋ’, ‘ಆನ್’, ‘ಆಫ್’ ಎಲ್ಲವೂ ಬೂಲಿಯನ್. ದೇಶಗಳ ಎರಡಕ್ಷರದ ಕೋಡ್‌ಗಳನ್ನು ಪಟ್ಟಿ ಮಾಡಿದವರಿಗೆ ನಾರ್ವೆಯ ಕೋಡ್ ಆದ ‘ನೋ’ ಫಾಲ್ಸ್ ಆಗಿ ಸಿಕ್ಕಿತು. 2009ರ 1.2 ಆವೃತ್ತಿ ಆ ಪಟ್ಟಿಯನ್ನು ಕುಗ್ಗಿಸಿದರೂ ಹಳೆಯ ನಿಯಮದ ಪಾರ್ಸರ್‌ಗಳು ವರ್ಷಗಟ್ಟಲೆ ಉಳಿದವು. ಎನ್ವಿರಾನ್ಮೆಂಟ್‌ನಲ್ಲಿ ಇಂಥ ಊಹೆ ಇನ್ನೂ ಕೆಟ್ಟದು. ಅಮೆಜಾನ್ ಕ್ಲೌಡ್‌ನ ಅಕೌಂಟ್ ಗುರುತು 12 ಅಂಕಿಗಳದು, ಸೊನ್ನೆಯಿಂದ ಶುರುವಾಗಬಹುದು. ಸಂಖ್ಯೆ ಮಾಡಿದರೆ ಆ ಸೊನ್ನೆ ಹೋಗುತ್ತದೆ. ಅಂಕಿಗಳಷ್ಟೇ ಇರುವ ಉದ್ದನೆಯ ಗುರುತು 9007199254740991 ದಾಟಿದರೆ ಜಾವಾಸ್ಕ್ರಿಪ್ಟ್‌ನ ಸಂಖ್ಯೆ ಕೊನೆಯ ಅಂಕಿಗಳನ್ನು ನಿಖರವಾಗಿ ಹಿಡಿದಿಡಲಾರದು. ಪಾಸ್‌ವರ್ಡ್ ಒಂದು ಅಂಕಿಗಳಿಂದಲೇ ಕೂಡಿದ್ದರೆ? ಮೌಲ್ಯದ ಮುಖ ನೋಡಿ ಟೈಪ್ ಹೇಳಲು ಸಾಧ್ಯವೇ ಇಲ್ಲ.

ಜಾವಾಸ್ಕ್ರಿಪ್ಟ್‌ಗೆ ಟೈಪ್ ಸೇರಿಸುವ ಟೈಪ್‌ಸ್ಕ್ರಿಪ್ಟ್ ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದು ಈ ಮೌಲ್ಯಗಳನ್ನು ಪ್ರಾಮಾಣಿಕವಾಗಿಯೇ ‘ಸ್ಟ್ರಿಂಗ್ ಅಥವಾ ಅನ್‌ಡಿಫೈನ್ಡ್’ ಎಂದು ಗುರುತಿಸುತ್ತದೆ. ಆದರೆ ಅದರ ಟೈಪ್‌ಗಳು ಕಂಪೈಲ್ ಆದಮೇಲೆ ಅಳಿಸಿಹೋಗುತ್ತವೆ. ಅದನ್ನು ಬಲವಂತದಿಂದ ಸಂಖ್ಯೆಯೆಂದು ಒಪ್ಪಿಸಿದರೂ ಓಡುವಾಗ ಸ್ಟ್ರಿಂಗ್ ಸ್ಟ್ರಿಂಗೇ. ಬೇಕಿರುವುದು ಪ್ರೋಗ್ರಾಮ್ ಶುರುವಾದ ಕೂಡಲೇ, ಒಂದೇ ಜಾಗದಲ್ಲಿ, ಯಾವ ಹೆಸರಿಗೆ ಯಾವ ಟೈಪ್ ಎಂದು ಬರೆದಿಟ್ಟು ಪರೀಕ್ಷಿಸುವ ಕೋಡ್. ಎನ್‌ವ್ಯಾಲಿಡ್, 2020ರಲ್ಲಿ ಬಂದ ಜಾಡ್ ಮುಂತಾದ ಲೈಬ್ರರಿಗಳು ಈ ಕೆಲಸಕ್ಕೆ ಒದಗಿದವು. ಜಾಡ್ ಕೂಡ ಎಡವಿದ ಜಾಗ ಒಂದಿದೆ: ಬೂಲಿಯನ್‌ಗೆ ಬದಲಿಸುವ ಅದರ ಮೊದಲ ವಿಧಾನ ಭಾಷೆಯ ನಿಯಮವನ್ನೇ ಪಾಲಿಸಿ ‘ಫಾಲ್ಸ್’ ಸ್ಟ್ರಿಂಗನ್ನು ಟ್ರೂ ಮಾಡುತ್ತಿತ್ತು. 2025ರ ನಾಲ್ಕನೇ ಆವೃತ್ತಿಯಲ್ಲಿ ‘ಸ್ಟ್ರಿಂಗ್‌ಬೂಲ್’ ಸೇರಿತು. ಅದು ಯಾಮೆಲ್‌ನಂತೆಯೇ ‘ಯೆಸ್’, ‘ನೋ’, ‘ಆನ್’, ‘ಆಫ್’ ಒಪ್ಪುತ್ತದೆ. ವ್ಯತ್ಯಾಸವೆಂದರೆ, ಈ ವೇರಿಯಬಲ್ ಬೂಲಿಯನ್ ಎಂದು ಬರೆದವರು ಮೊದಲೇ ಹೇಳಿರಬೇಕು, ಪಟ್ಟಿಯಲ್ಲಿಲ್ಲದ ಮೌಲ್ಯ ಬಂದರೆ ಅದು ಎರರ್ ಕೊಟ್ಟು ನಿಲ್ಲುತ್ತದೆ. ಹಾಗೆ ನಿಲ್ಲುವಾಗ ಎರರ್ ಸಂದೇಶದಲ್ಲಿ ವೇರಿಯಬಲ್‌ನ ಹೆಸರು, ನಿರೀಕ್ಷಿಸಿದ ಟೈಪ್ ಎರಡೂ ಇರಲಿ, ಬಂದ ಮೌಲ್ಯ ಮಾತ್ರ ಬೇಡ. ಡೇಟಾಬೇಸ್‌ನ ಪಾಸ್‌ವರ್ಡ್ ಕೂಡ ಇದೇ ದಾರಿಯಲ್ಲಿ ಬರುತ್ತದೆ, ಲಾಗ್ ಫೈಲ್ ಓದುವವರು ಅನೇಕರು.